ಶುಶ್ರೂಷೆಯ ದರಕ್ಕೂ ಒಂದು ದಿನಾಂಕ ಗೊತ್ತುಪಡಿಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ಸರ್ಕಾರಿ ಆರೋಗ್ಯ ಯೋಜನೆಗಳಲ್ಲಿ ಶುಶ್ರೂಷೆಗೆ ಪ್ರತ್ಯೇಕ ದರ ನಿಗದಿಪಡಿಸುವುದು ಮತ್ತು ಅದನ್ನು ನಿಯಮಿತವಾಗಿ ಪರಿಷ್ಕರಿಸುವುದು

ಮಾನ್ಯರೇ,

ಮೂವತ್ತೊಂದು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ದುಡಿದು, ನಿವೃತ್ತಳಾದ ಮೇಲೆ ಹನುಮಂತನಗರದಲ್ಲಿ ನೆಲೆಸಿರುವ ಶುಶ್ರೂಷಾಧಿಕಾರಿ ನಾನು. ನನಗಾಗಿ ಕೇಳಿಕೊಳ್ಳುವಂಥದ್ದು ಏನೂ ಇಲ್ಲ. ಆದರೆ ನಾನು ಬಿಟ್ಟುಬಂದ ಕೆಲಸಕ್ಕೆ ಸರ್ಕಾರ ಕಟ್ಟುತ್ತಿರುವ ಬೆಲೆಯನ್ನೂ, ಅದರಿಂದ ರೋಗಿಗಳ ಮೇಲೆ ಆಗುತ್ತಿರುವ ಪರಿಣಾಮವನ್ನೂ ದಿನವೂ ಹತ್ತಿರದಿಂದ ನೋಡುತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ವರ್ಷ ನಮ್ಮ ಬೀದಿಯ ಹಿರಿಯರೊಬ್ಬರಿಗೆ ಲಕ್ವ ಹೊಡೆಯಿತು. ಗಾಂಧಿ ಬಜಾರಿನಲ್ಲಿ ಹೂವು ಮಾರಿ ಸಂಸಾರ ನಡೆಸಿದವರು. ಬಿಪಿಎಲ್ ಕಾರ್ಡಿನ ಮೇಲೆ ಆಯುಷ್ಮಾನ್ ಭಾರತ್ ಯೋಜನೆಯಡಿ ಚಿಕಿತ್ಸೆ ಉಚಿತವಾಗಿಯೇ ದೊರೆತು ಜೀವ ಉಳಿಯಿತು. ಅದಕ್ಕಾಗಿ ಯೋಜನೆಯನ್ನು ಮನಸಾರೆ ಮೆಚ್ಚುತ್ತೇನೆ. ಹನ್ನೊಂದನೆಯ ದಿನ, ಮೂಗಿನಲ್ಲಿ ರೈಲ್ಸ್ ಟ್ಯೂಬ್, ಮೂತ್ರಕ್ಕೆ ಕ್ಯಾಥೆಟರ್ ಇರುವಂತೆಯೇ ಅವರನ್ನು ಮನೆಗೆ ಕಳುಹಿಸಿದರು. ಟ್ಯೂಬಿನಲ್ಲಿ ಗಂಜಿ ಬಿಡುವುದನ್ನು ವಾರ್ಡಿನ ಸಿಸ್ಟರ್ ಸೊಸೆಗೆ ಹತ್ತು ನಿಮಿಷದಲ್ಲಿ ತೋರಿಸಿಕೊಟ್ಟಿದ್ದರಂತೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬೆನ್ನು ಒದ್ದೆಯಾಗದಂತೆ ನೋಡಿಕೊಳ್ಳಬೇಕು ಎಂಬುದನ್ನು ಹೇಳಲು ಅವರಿಗೆ ಬಿಡುವೇ ಸಿಕ್ಕಿರಲಿಲ್ಲ. ನಾನು ಊರಿನಿಂದ ಹಿಂದಿರುಗಿ ನೋಡಲು ಹೋಗುವ ಹೊತ್ತಿಗೆ ಸೊಂಟದ ಕೆಳಗೆ ಅಂಗೈಯಗಲ ಹುಣ್ಣಾಗಿ, ಒಳಗೆ ಕೀವು ತುಂಬಿತ್ತು. ಮತ್ತೆ ದಾಖಲು, ಮತ್ತೆ ಅದೇ ಕಾರ್ಡು, ಈ ಸಲ ಮೊದಲಿಗಿಂತ ಹೆಚ್ಚು ದಿನ.

ಆ ಸಿಸ್ಟರನ್ನು ನಾನು ದೂರಲಾರೆ. ನನ್ನ ಕೊನೆಯ ವರ್ಷಗಳ ರಾತ್ರಿ ಪಾಳಿಯಲ್ಲಿ ಇಪ್ಪತ್ತೆಂಟು ಹಾಸಿಗೆಗಳಿಗೆ ನಾನೊಬ್ಬಳೇ ಇದ್ದದ್ದುಂಟು. ಸಾಮಾನ್ಯ ವಾರ್ಡಿನಲ್ಲಿ ಬೋಧಕ ಆಸ್ಪತ್ರೆಯಾದರೆ ಮೂವರು ರೋಗಿಗಳಿಗೆ ಒಬ್ಬರು, ಇತರ ಆಸ್ಪತ್ರೆಯಾದರೆ ಐವರಿಗೆ ಒಬ್ಬರು ಶುಶ್ರೂಷಕಿ ಇರಬೇಕೆಂದು ಭಾರತೀಯ ಶುಶ್ರೂಷಾ ಪರಿಷತ್ತು ದಶಕಗಳ ಹಿಂದೆಯೇ ಮಾನದಂಡ ಹಾಕಿಕೊಟ್ಟಿದೆ. ಅದನ್ನು ಪಾಲಿಸಲು ಬೇಕಾದ ಹಣ, ಯೋಜನೆಯಡಿ ಸರ್ಕಾರ ಆಸ್ಪತ್ರೆಗೆ ಕೊಡುವ ದರದಲ್ಲಿ ಎಲ್ಲಿದೆ ಎಂಬುದು ನನ್ನ ಪ್ರಶ್ನೆ.

2018ರ ಸೆಪ್ಟೆಂಬರಿನಲ್ಲಿ ಆಯುಷ್ಮಾನ್ ಭಾರತ್ ಯೋಜನೆ ಆರಂಭವಾದಾಗ, ಶಸ್ತ್ರಚಿಕಿತ್ಸೆಯ ಅಗತ್ಯವಿಲ್ಲದ ರೋಗಿಯನ್ನು ಸಾಮಾನ್ಯ ವಾರ್ಡಿನಲ್ಲಿ ಒಂದು ದಿನ ನೋಡಿಕೊಳ್ಳಲು ರಾಷ್ಟ್ರೀಯ ದರಪಟ್ಟಿ ಗೊತ್ತುಮಾಡಿದ್ದು 1,800 ರೂಪಾಯಿ. 2021ರ ಪರಿಷ್ಕೃತ ಪಟ್ಟಿಯಲ್ಲಿ ಅದು 2,100 ಆಯಿತು. ಅದೇ ಅವಧಿಯಲ್ಲಿ ವೆಂಟಿಲೇಟರ್ ಇಲ್ಲದ ತೀವ್ರ ನಿಗಾ ಘಟಕದ ದಿನದರ 3,600ರಿಂದ 8,500ಕ್ಕೆ ಏರಿತು. ಆ ಏರಿಕೆ ನ್ಯಾಯವಾದದ್ದೇ. ಕೋವಿಡ್ ಕಾಲದಲ್ಲಿ ಅಲ್ಲಿ ನಿಂತು ಕೆಲಸ ಮಾಡಿದವರಾರೂ ಅದನ್ನು ಪ್ರಶ್ನಿಸುವುದಿಲ್ಲ. ಆದರೆ ಯಂತ್ರಗಳು ಕಡಿಮೆಯಿದ್ದು, ಉಣಿಸುವ, ತೊಳೆಸುವ, ಮಗ್ಗುಲು ಬದಲಿಸುವ, ಡ್ರೆಸ್ಸಿಂಗ್ ಮಾಡುವ, ಉಸಿರಾಟದ ಏರುಪೇರನ್ನು ಮೊದಲು ಗಮನಿಸಿ ವೈದ್ಯರನ್ನು ಕರೆಯುವ ಕೈಗಳ ಮೇಲೆಯೇ ಎಲ್ಲವೂ ನಿಂತಿರುವ ಸಾಮಾನ್ಯ ವಾರ್ಡಿಗೆ ಸಿಕ್ಕಿದ್ದು ದಿನಕ್ಕೆ 300 ರೂಪಾಯಿಯ ಹೆಚ್ಚಳ ಮಾತ್ರ. ಆ 2,100ರೊಳಗೇ ಹಾಸಿಗೆ, ವೈದ್ಯರು, ಔಷಧ, ಪರೀಕ್ಷೆ, ಊಟ ಎಲ್ಲವೂ ಸೇರಿವೆ. ಶುಶ್ರೂಷೆಗೆ ಅದರಲ್ಲಿ ಎಷ್ಟು ಎಂದು ಎಲ್ಲಿಯೂ ಬರೆದಿಲ್ಲ. ಔಷಧದ ಬೆಲೆಯನ್ನು ಕಂಪನಿ ಇಳಿಸುವುದಿಲ್ಲ, ಪರೀಕ್ಷೆಯನ್ನು ಬಿಟ್ಟರೆ ಕಡತದಲ್ಲಿ ಸಿಕ್ಕಿಬೀಳುತ್ತದೆ. ಹಾಗಾಗಿ ಖರ್ಚು ಹೊಂದಿಸಲು ಆಸ್ಪತ್ರೆಯವರು ಮೊದಲು ಕತ್ತರಿ ಹಾಕುವುದು ಪಾಳಿಗೆ ಎಷ್ಟು ಜನ ಸಿಸ್ಟರ್ ಎಂಬ ಲೆಕ್ಕಕ್ಕೇ.

ಸಂಬಳದ ಮಾತೂ ಇದಕ್ಕೆ ಅಂಟಿಕೊಂಡೇ ಇದೆ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ನಿರ್ದೇಶನದ ಮೇರೆಗೆ ರಚನೆಯಾದ ತಜ್ಞರ ಸಮಿತಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲಿಯೂ ಶುಶ್ರೂಷಕಿಯ ಸಂಬಳ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದೆಂದು ಶಿಫಾರಸು ಮಾಡಿತು. ಇಷ್ಟು ವರ್ಷಗಳ ನಂತರವೂ ಅದಕ್ಕಿಂತ ಕಡಿಮೆಗೆ, ಅದೂ ಈ ಬೆಂಗಳೂರಿನ ಬಾಡಿಗೆಯಲ್ಲಿ, ಪಿಜಿಯ ಒಂದು ಕೋಣೆಯಲ್ಲಿ ನಾಲ್ವರಂತೆ ಇದ್ದುಕೊಂಡು ದುಡಿಯುತ್ತಿರುವ ಹುಡುಗಿಯರು ನನ್ನ ಪರಿಚಯದಲ್ಲಿದ್ದಾರೆ. ಎರಡು ವರ್ಷದ ಅನುಭವವಾಗುತ್ತಲೇ ಅವರು ವಿದೇಶಕ್ಕೆ ಹೋಗುವ ಪರೀಕ್ಷೆಗೆ ಕೂರುತ್ತಾರೆ. ಹೋಗಬೇಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ತಮ್ಮಲ್ಲಿ ನನ್ನ ಮುಖ್ಯ ಕೋರಿಕೆ ಒಂದೇ. ದರ ಎಷ್ಟಿರಬೇಕು ಎಂಬುದಕ್ಕಿಂತ ಮೊದಲು, ದರ ಯಾವಾಗ ಬದಲಾಗಬೇಕು ಎಂಬುದನ್ನು ನಿಯಮವಾಗಿ ಬರೆದಿಡಿ. ಸರ್ಕಾರಿ ನೌಕರರ ತುಟ್ಟಿಭತ್ಯೆಗೆ ಜನವರಿ, ಜುಲೈ ಎಂಬ ಎರಡು ತಿಂಗಳುಗಳಿವೆ. ನಮ್ಮ ರಾಜ್ಯದ ಕನಿಷ್ಠ ವೇತನದಲ್ಲಿ ಸೇರಿರುವ ತುಟ್ಟಿಭತ್ಯೆ ಗ್ರಾಹಕ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತದೆ. ಅದಕ್ಕಾಗಿ ಯಾರೂ ಮನವಿಪತ್ರ ಹಿಡಿದು ವಿಧಾನಸೌಧದ ಮೆಟ್ಟಿಲು ಹತ್ತಬೇಕಾಗಿಲ್ಲ. 2000ನೇ ಇಸವಿಯಲ್ಲಿ ದೀರ್ಘಕಾಲದ ಆರೈಕೆಗಾಗಿ ಸಾರ್ವಜನಿಕ ವಿಮೆ ಆರಂಭಿಸಿದ ಜಪಾನಿನಲ್ಲಿ ಆರೈಕೆಯ ದರಗಳನ್ನು ಮೂರು ವರ್ಷಕ್ಕೊಮ್ಮೆ ಕಡ್ಡಾಯವಾಗಿ ಪರಿಶೀಲಿಸುತ್ತಾರೆ. ದಿನಾಂಕವಿಲ್ಲದ ದರ ಏನಾಗುತ್ತದೆಂಬುದಕ್ಕೆ ವೃದ್ಧಾಪ್ಯ ವೇತನವನ್ನೇ ನೋಡಬಹುದು. 80 ವರ್ಷದೊಳಗಿನ ವೃದ್ಧರಿಗೆ ಕೇಂದ್ರದ ಪಾಲು ಒಂದು ದಶಕಕ್ಕೂ ಮೀರಿ ತಿಂಗಳಿಗೆ 200 ರೂಪಾಯಿಯಲ್ಲೇ ನಿಂತಿದೆ.

ಇದರ ಜೊತೆಗೆ, ಪ್ಯಾಕೇಜಿನೊಳಗೆ, ಅಂದರೆ ಎಲ್ಲವೂ ಸೇರಿದ ಆ ಒಟ್ಟು ದರದೊಳಗೆ, ಶುಶ್ರೂಷೆಗೆ ಪ್ರತ್ಯೇಕ ಸಾಲೊಂದು ಬೇಕು. ತಾನೇ ಎದ್ದು ಓಡಾಡುವ ರೋಗಿಗೂ ಪೂರ್ತಿ ಹಾಸಿಗೆ ಹಿಡಿದ ರೋಗಿಗೂ ಒಂದೇ ದರವಿರಬಾರದು. ದರ ಹೆಚ್ಚಿಸಿದರೆ ಹಣ ಆಸ್ಪತ್ರೆಯ ಮಾಲೀಕರಿಗೆ ಹೋದೀತು, ಸಿಸ್ಟರ್‌ಗಳಿಗೆ ತಲುಪಲಾರದು ಎಂದು ತಮ್ಮ ಅಧಿಕಾರಿಗಳು ಹೇಳಬಹುದು. ಆ ಆತಂಕ ನನಗೂ ಇದೆ. ಆದ್ದರಿಂದಲೇ ಪಾಳಿಪಟ್ಟಿಯನ್ನೂ, ಬ್ಯಾಂಕಿನ ಮೂಲಕ ಸಂಬಳ ಪಾವತಿಯಾದ ದಾಖಲೆಯನ್ನೂ ತೋರಿಸಿದ ಆಸ್ಪತ್ರೆಗೆ ಮಾತ್ರ ಹೆಚ್ಚಿನ ದರ ಸಿಗಬೇಕೆಂಬ ಷರತ್ತು ಹಾಕಬೇಕೆಂದು ಕೋರುತ್ತೇನೆ. ನಮ್ಮ ರಾಜ್ಯದಲ್ಲಿ ಈ ಯೋಜನೆಯನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಈಗಾಗಲೇ ಪ್ರತಿ ಬಿಲ್ಲಿಗೂ ಕಾಗದಪತ್ರ ಕೇಳುತ್ತದೆ. ಇನ್ನೆರಡು ಹಾಳೆ ಸೇರಿಸುವುದು ಕಷ್ಟವಲ್ಲ.

ಮನೆಯ ಆರೈಕೆಯ ವಿಷಯದಲ್ಲಿ ಸರ್ಕಾರ ಕೈಕಟ್ಟಿ ಕುಳಿತಿದೆ ಎಂದು ನಾನು ಹೇಳುವುದಿಲ್ಲ. 2024ರಲ್ಲಿ ಕೋಲಾರದಿಂದ ಆರಂಭವಾದ ಗೃಹ ಆರೋಗ್ಯ ಯೋಜನೆ ಬಿಪಿ, ಸಕ್ಕರೆ ಕಾಯಿಲೆಯ ತಪಾಸಣೆಯನ್ನು ಮನೆ ಬಾಗಿಲಿಗೆ ತಂದಿತು. ಪಾರ್ಕಿನ್ಸನ್, ಸೆರೆಬ್ರಲ್ ಪಾಲ್ಸಿಯಂಥ ಕಾಯಿಲೆಯವರನ್ನು ನೋಡಿಕೊಳ್ಳುವ ಮನೆಯವರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ 2024-25ರ ಬಜೆಟ್ ಹೇಳಿತು. ಮೊತ್ತ ಚಿಕ್ಕದಾದರೂ ಆರೈಕೆಯನ್ನು ಕೆಲಸವೆಂದು ಗುರುತಿಸಿದ ಆ ಹೆಜ್ಜೆ ನನಗೆ ಸಂತೋಷ ತಂದಿತ್ತು. ಉಳಿದಿರುವುದು ಆಸ್ಪತ್ರೆಗೂ ಮನೆಗೂ ನಡುವಿನ ಕೆಲವು ವಾರಗಳು. ಆಯುಷ್ಮಾನ್ ಪ್ಯಾಕೇಜಿನಲ್ಲಿ ಬಿಡುಗಡೆಯ ನಂತರದ 15 ದಿನಗಳ ವೆಚ್ಚ ಸೇರಿದ್ದರೂ, ಆ ಅವಧಿಯಲ್ಲಿ ತರಬೇತಾದ ಶುಶ್ರೂಷಕಿ ಮನೆಗೆ ಬಂದು ನೋಡುವುದಕ್ಕೆ ದರವೇ ಇಲ್ಲ. ನಮ್ಮ ಬೀದಿಯ ಆ ಮನೆಯವರು ಏಜೆನ್ಸಿಯೊಂದನ್ನು ವಿಚಾರಿಸಿದಾಗ ದಿನವಿಡೀ ಇರುವ ಆಯಾಗೆ ತಿಂಗಳಿಗೆ 28,000 ರೂಪಾಯಿ ಎಂದರು. ಮಗ ಆಟೋ ಓಡಿಸುವವರು. ವಾರಕ್ಕೆರಡು ಸಲ ಸಿಸ್ಟರ್ ಒಬ್ಬರು ಬಂದು ಬೆನ್ನು ನೋಡಿ, ಟ್ಯೂಬು ಪರೀಕ್ಷಿಸಿ, ಸೊಸೆಯ ಕೈಹಿಡಿದು ಕಲಿಸಿ ಹೋಗಿದ್ದರೆ ಎರಡನೆಯ ದಾಖಲಾತಿಯೇ ಬೇಕಿರಲಿಲ್ಲ. ಆ ಖರ್ಚನ್ನು ಕೊನೆಗೆ ತಮ್ಮ ಇಲಾಖೆಯೇ ಭರಿಸಿತು.

ದರ ಪರಿಷ್ಕರಣೆಗೆ ತಾವು ಸಮಿತಿಯೊಂದನ್ನು ರಚಿಸುವುದಾದರೆ, ಈಗಲೂ ವಾರ್ಡಿನಲ್ಲಿ ಪಾಳಿ ಮಾಡುತ್ತಿರುವ ಇಬ್ಬರು ಶುಶ್ರೂಷಾಧಿಕಾರಿಗಳನ್ನಾದರೂ ಅದರ ಸದಸ್ಯರನ್ನಾಗಿ ಮಾಡಬೇಕೆಂದು ಪ್ರಾರ್ಥಿಸುತ್ತೇನೆ. ಸಭೆಯನ್ನು ಮಧ್ಯಾಹ್ನ ಮೂರರ ನಂತರ ಕರೆದರೆ, ಬೆಳಗಿನ ಪಾಳಿ ಮುಗಿಸಿ ಅವರು ಬರಬಲ್ಲರು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಾಧಿಕಾರಿ,
ಹನುಮಂತನಗರ, ಬೆಂಗಳೂರು