ಜೊಂಡಿನ ಹಕ್ಕಿ, ಕಡಲ ಹಕ್ಕಿ: ಪುಟ್ಟಿಗೊಂದು ಪತ್ರ

ಬೆಂಗಳೂರು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕೆರೆ ಜೊಂಡಿನ ಪುಟ್ಟ ಹಾಡುಹಕ್ಕಿಯಾದ ಜೊಂಡಿನ ಉಲಿಯಕ್ಕಿಯನ್ನೂ ಕಡಲ ದೊಡ್ಡ ಹಕ್ಕಿಯಾದ ವಾಂಡರಿಂಗ್ ಆಲ್ಬಟ್ರಾಸನ್ನೂ ಹೋಲಿಸಿ ನೀನು ಬರೆದದ್ದನ್ನು ಓದಿದೆ. ಅಳತೆ, ತೂಕಕ್ಕೇ ಎರಡು ಪುಟ ಕೊಟ್ಟಿದ್ದೀಯ. ಉಲಿಯಕ್ಕಿ 30 ಗ್ರಾಂ ಆಸುಪಾಸು, ಆಲ್ಬಟ್ರಾಸ್ ರೆಕ್ಕೆ ಬಿಚ್ಚಿದರೆ ಮೂರೂವರೆ ಮೀಟರ್‌ವರೆಗೆ. ಇಷ್ಟಕ್ಕೆ ಒಂದು ಸಾಲು ಸಾಕಮ್ಮ. ಅದರ ಬದಲು ಎರಡಕ್ಕೂ ಒಂದೇ ಪ್ರಶ್ನೆ ಕೇಳು: ಇದ್ದ ಜಾಗದಲ್ಲಿ ಹೇಗೆ ಬದುಕುತ್ತೀಯ?

ಮೊದಲು ನೀರು. ಆಲ್ಬಟ್ರಾಸ್ ಸಮುದ್ರದ ನೀರನ್ನೇ ಕುಡಿಯುತ್ತದೆ. ಕಣ್ಣಿನ ಮೇಲಿರುವ ಗ್ರಂಥಿಗಳು ರಕ್ತದ ಹೆಚ್ಚುವರಿ ಉಪ್ಪನ್ನು ಸೋಸಿ ತೆಗೆಯುತ್ತವೆ. ಆ ಗಾಢ ಉಪ್ಪುನೀರು ಕೊಳವೆಯಂಥ ಮೂಗಿನ ಹೊಳ್ಳೆಗಳಿಂದ ಇಳಿದು ಕೊಕ್ಕಿನ ತುದಿಯಲ್ಲಿ ತೊಟ್ಟಿಕ್ಕುತ್ತದೆ. ಉಲಿಯಕ್ಕಿಯಂಥ ಹಾಡುಹಕ್ಕಿಗಳಿಗೆ ಇಂಥ ಏರ್ಪಾಡಿಲ್ಲ.

ಆಮೇಲೆ ಹಾರಾಟ. ಅಲೆಗಳ ಹತ್ತಿರ ಗಾಳಿ ನಿಧಾನ, ಮೇಲೆ ಜೋರು. ಆಲ್ಬಟ್ರಾಸ್ ಗಾಳಿಗೆ ಎದುರಾಗಿ ಏರಿ, ತಿರುಗಿ, ಗಾಳಿ ಬೀಸುವ ದಿಕ್ಕಿಗೆ ಇಳಿಯುತ್ತದೆ. ಆ ವ್ಯತ್ಯಾಸದಿಂದಲೇ ವೇಗ ಗಳಿಸುತ್ತದೆ. ಚಾಚಿದ ರೆಕ್ಕೆಯನ್ನು ಹೆಗಲಿನ ಸ್ನಾಯುರಜ್ಜು ಹಿಡಿದಿಡುವುದರಿಂದ ದಣಿವು ಕಡಿಮೆ. ಗಾಳಿ ನಿಂತರೆ ನೀರಿನ ಮೇಲೆ ಕೂತುಬಿಡುತ್ತದೆ. ಉಲಿಯಕ್ಕಿಯದು ಗಿಡ್ಡ, ದುಂಡು ರೆಕ್ಕೆ. ಒತ್ತಾದ ಜೊಂಡಿನೊಳಗೆ ನುಸುಳಲು ಅದೇ ಸರಿ. ಅದರ ಕಾಲನ್ನು ಮಾತ್ರ ಪುಸ್ತಕದಿಂದ ಬರೆಯಬೇಡ. ಬೆಳಗ್ಗೆ ಜಕ್ಕೂರು ಕೆರೆಗೋ ಹೆಬ್ಬಾಳಕ್ಕೋ ಹೋಗು, ಬಿಸಿಲು ಬೆನ್ನಿಗಿರಲಿ, ಎಂಟು ಪಟ್ಟು ದೊಡ್ಡದಾಗಿ ತೋರಿಸುವ 8x42 ಬೈನಾಕ್ಯುಲರ್ ಸಾಕು. ಗಡುಸಾದ ದನಿ ಕೇಳಿದ ಕಡೆ ಅಲುಗುವ ದಂಟನ್ನು ಹುಡುಕು. ಒಂದು ಕಾಲು ಒಂದು ದಂಟಿನ ಮೇಲೆ, ಇನ್ನೊಂದು ಪಕ್ಕದ್ದರ ಮೇಲೆ ಊರಿ ಕೂತಿರುತ್ತದೆ. ಫೋನಿನಲ್ಲಿ ಅದರ ಕೂಗು ಹಾಕಿ ಕರೆಯಬೇಡ. ಎದುರಾಳಿ ಬಂದನೆಂದು ಗಂಡು ಮೇವು ಬಿಟ್ಟು ಓಡಿಬರುತ್ತದೆ.

ನೀನು ಬಿಟ್ಟಿರುವ ಮುಖ್ಯ ಸಂಗತಿ ಸಂತಾನ. ಉಲಿಯಕ್ಕಿ ನೀರಿನ ಮೇಲೆ ನಾಲ್ಕಾರು ದಂಟುಗಳನ್ನು ಸುತ್ತಿ ಬಟ್ಟಲಿನಂಥ ಗೂಡು ಹೆಣೆದು 3ರಿಂದ 6 ಮೊಟ್ಟೆ ಇಡುತ್ತದೆ. ಆಲ್ಬಟ್ರಾಸ್‌ದು ಸಾಮಾನ್ಯವಾಗಿ ಎರಡು ವರ್ಷಕ್ಕೊಂದೇ ಮೊಟ್ಟೆ. ಕಾವು ಸುಮಾರು 11 ವಾರ, ಮರಿ ಗೂಡಿನಲ್ಲಿ ಸುಮಾರು ಒಂಬತ್ತು ತಿಂಗಳು. ಹಾಗಾಗಿ ಗಾಳದ ಮೇವಿಗೆ ಬಾಯಿ ಹಾಕಿ, ಮೀನುಗಾರಿಕೆಯ ಉದ್ದನೆಯ ಗಾಳದ ದಾರಕ್ಕೆ ಸಿಕ್ಕಿ ಒಂದು ದೊಡ್ಡ ಹಕ್ಕಿ ಮುಳುಗಿ ಸತ್ತರೆ ಆ ನಷ್ಟ ಬೇಗ ತುಂಬುವುದಿಲ್ಲ.

"ಅಪಾಯ: ಮನುಷ್ಯರು" ಎಂದು ಬರೆದು ಮುಗಿಸಬೇಡ. ಕಡಲಲ್ಲಿ ಗಾಳವನ್ನು ರಾತ್ರಿ ಬಿಡುವುದು, ಬೇಗ ಮುಳುಗಲು ತೂಕ ಕಟ್ಟುವುದು, ಹಕ್ಕಿ ಬೆದರಿಸುವ ಪಟ್ಟಿಗಳನ್ನು ಹಾರಿಬಿಡುವುದು, ಇವು ಪರಿಹಾರ. ನಮ್ಮಲ್ಲಿ ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ದಡದ ಜೊಂಡನ್ನೆಲ್ಲ ಒಮ್ಮೆಗೇ ಕಿತ್ತರೆ ಗೂಡೇ ಹೋಯಿತು; ಮರಿಗಳ ಕಾಲ ಕಳೆದ ಮೇಲೆ ಭಾಗಭಾಗವಾಗಿ ಕತ್ತರಿಸಿ, ಒಂದಷ್ಟು ಹಾಗೇ ಉಳಿಸಬೇಕು. ಇಷ್ಟನ್ನು ಸೇರಿಸಿ ಮತ್ತೆ ಕಳಿಸು, ನೋಡುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ