ಬೆಳಕಿನ ಕಾರ್ಡಿನಲ್ಲಿ ಇನ್ನು ಬೆಳ್ಳಿ ಗೆರೆ ಇರುವುದಿಲ್ಲ

ಆತ್ಮೀಯ ಗ್ರಾಹಕರಿಗೆ ಸಾಗರದಿಂದ ನಮಸ್ಕಾರ.

ಮದುವೆ, ಉಪನಯನ, ಗೃಹಪ್ರವೇಶಕ್ಕೆ ನಮ್ಮ ಸಂಘದಿಂದ ಬೆಳಕಿನ ಕಾರ್ಡ್ (ಸ್ವಿಚ್ ಒತ್ತಿದರೆ ಪುಟ್ಟ ಎಲ್‌ಇಡಿ ದೀಪ ಹೊತ್ತುವ ಆಮಂತ್ರಣ ಪತ್ರ) ಮಾಡಿಸಿಕೊಂಡವರಿಗೂ, ಮಕ್ಕಳಿಗಾಗಿ ಕಾಗದದ ಸರ್ಕ್ಯೂಟ್ ಕಿಟ್ ತರಿಸಿಕೊಳ್ಳುವ ಶಾಲೆಗಳಿಗೂ ಒಂದು ಬದಲಾವಣೆ ತಿಳಿಸಬೇಕಿದೆ. ಬರುವ ದೀಪಾವಳಿಯ ಆರ್ಡರಿನಿಂದ, ಸೆಲ್ಲಿನಿಂದ ದೀಪಕ್ಕೆ ಕರೆಂಟ್ ಒಯ್ಯುವ ಬೆಳ್ಳಿ ಇಂಕಿನ ಗೆರೆ ನಿಲ್ಲಿಸುತ್ತಿದ್ದೇವೆ. ಅದರ ಜಾಗಕ್ಕೆ ಕಪ್ಪು ಕಾರ್ಬನ್ ಇಂಕ್ ಬರುತ್ತದೆ. ಬೆಳ್ಳಿಯ ಜತೆ ಬಿಳಿ ದೀಪವೂ ಹೋಗುತ್ತದೆ. ಸಿಗುವುದು ಕೆಂಪು, ಹಳದಿ ಮಾತ್ರ.

ಬೆಳ್ಳಿ ತುಟ್ಟಿಯಾಯಿತು, ಅದಕ್ಕೇ ಹೀಗೆ ಎಂದು ನೀವು ಅಂದುಕೊಂಡರೆ ಪೂರ್ತಿ ತಪ್ಪಲ್ಲ. ಆದರೆ ದರವೊಂದೇ ಆಗಿದ್ದರೆ ಕಾರ್ಡಿಗೆ ನಾಲ್ಕೈದು ರೂಪಾಯಿ ಏರಿಸಿ ಸುಮ್ಮನಿರುತ್ತಿದ್ದೆವು. ನಮ್ಮನ್ನು ಸೋಲಿಸಿದ್ದು ಮಡಿಕೆ ಮತ್ತು ಮಳೆ.

ಮಡಿಕೆಯ ವಿಷಯ ಮೊದಲು. ಹೊಸನಗರದ ಗ್ರಾಹಕರೊಬ್ಬರು ಮಗಳ ಮದುವೆ ಕಾರ್ಡನ್ನು ನಮ್ಮ ಮೇಜಿನ ಮೇಲಿಟ್ಟು, "ನಾಲ್ಕು ಮನೆ ಕರೆಯುವಷ್ಟರಲ್ಲಿ ದೀಪ ಹೋಯ್ತಲ್ಲ ಮಾರಾಯ್ರೆ" ಎಂದರು. ಭೂತಗನ್ನಡಿ ಹಿಡಿದು ನೋಡಿದರೆ ಮಡಿಕೆಯ ನೆತ್ತಿಯ ಮೇಲೆ ಬೆಳ್ಳಿ ಗೆರೆ ಕೂದಲೆಳೆಯಷ್ಟು ಸೀಳಿತ್ತು. ಬೆಳ್ಳಿ ಇಂಕ್ ಎಂದರೆ ಅಂಟಿನಲ್ಲಿ ಕಲಸಿದ ಬೆಳ್ಳಿಯ ಸಣ್ಣ ಸಣ್ಣ ಚಕ್ಕೆಗಳು. ಒಂದಕ್ಕೊಂದು ತಾಗಿಕೊಂಡಿದ್ದರೆ ಮಾತ್ರ ಅವುಗಳಲ್ಲಿ ಕರೆಂಟ್ ಹರಿಯುತ್ತದೆ. ನಮ್ಮ ಹಳೆಯ ಕಾರ್ಡಿಗೆ ಎರಡು ಮಡಿಕೆ: ಒಂದರಲ್ಲಿ ಗೆರೆ ಒಳಗೆ ಬರುತ್ತಿತ್ತು, ಇನ್ನೊಂದರಲ್ಲಿ ಹೊರಗೆ. ವಾಪಸು ಬಂದ ಕಾರ್ಡುಗಳನ್ನೆಲ್ಲ ಹರಡಿಕೊಂಡು ನೋಡಿದೆವು. ಸೀಳಿದ್ದು ಪ್ರತಿ ಸಲವೂ ಹೊರಗಿನ ಮಡಿಕೆಯೇ. ಒಣಗಿದ ಅಡಿಕೆ ಹಾಳೆಯನ್ನು ನೆನೆಸದೆ ಬಗ್ಗಿಸಿದವರಿಗೆ ಇದು ಗೊತ್ತು. ಹೊರಮೈ ಎಳೆದುಕೊಂಡು ಸಿಗಿಯುತ್ತದೆ, ಒಳಮೈಗೆ ಏನೂ ಆಗುವುದಿಲ್ಲ. ಕಾಗದ ದಪ್ಪವಾದಷ್ಟೂ ಆ ಎಳೆತ ಜಾಸ್ತಿ. ಹೊಸ ಕಾರ್ಡಿನ ಎರಡೂ ರೆಕ್ಕೆ ಬಾಗಿಲಿನ ಹಾಗೆ ಒಳಕ್ಕೇ ಮಡಚುತ್ತವೆ. ಕಾಗದದ ತೂಕವೂ (ಚದರ ಮೀಟರಿಗೆ ಗ್ರಾಂ ಲೆಕ್ಕದಲ್ಲಿ) 300 ಜಿಎಸ್‌ಎಂನಿಂದ 180ಕ್ಕೆ ಇಳಿದಿದೆ. ಕಾರ್ಡ್ ತೆಳ್ಳಗಾಯಿತು ಎಂದು ಬೈಯಬೇಡಿ, ದೀಪ ಉಳಿಯಲಿ ಎಂದೇ ಹಾಗೆ ಮಾಡಿದ್ದು.

ಮಳೆಯದು ಇನ್ನೂ ಸ್ವಾರಸ್ಯದ ಕತೆ. ಆಗುಂಬೆ ಕಡೆಯ ಒಂದು ಮನೆಯಲ್ಲಿ ನಮ್ಮ ಕಾರ್ಡನ್ನು ಸೆಲ್ ಸಮೇತ ಮುಚ್ಚಿ ಬೀರುವಿನಲ್ಲಿಟ್ಟಿದ್ದರು. ಆಶ್ಲೇಷಾ ಮಳೆ ಹೊಯ್ಯುತ್ತಿದ್ದ ಒಂದು ರಾತ್ರಿ ಬೀರುವಿನ ಸಂದಿಯಲ್ಲಿ ಮಂಕು ಬೆಳಕು ಕಂಡಿದೆ. ಮನೆಯ ಅಜ್ಜಿ, ಚೌಡಿಗೆ ಹಣ್ಣುಕಾಯಿ ಮಾಡಿಸಿ ಎಂದರಂತೆ. ಮೊಮ್ಮಗ ಕಾರ್ಡ್ ತೆಗೆದುಕೊಂಡು ನಮ್ಮಲ್ಲಿಗೆ ಬಂದ.

ನಡೆದದ್ದು ಇಷ್ಟು. ಮುಚ್ಚಿದ ಕಾರ್ಡಿನಲ್ಲಿ ಸ್ವಿಚ್ಚಿನ ಜಾಗದಲ್ಲಿ ಎರಡು ಬೆಳ್ಳಿ ಗೆರೆಗಳ ನಡುವೆ ಸುಮಾರು ಒಂದು ಮಿಲಿಮೀಟರ್ ಸಂದಿ. ಅದರ ಎರಡೂ ಬದಿಗೆ ಸೆಲ್ಲಿನ 3 ವೋಲ್ಟ್ ಸದಾ ಕಾಯುತ್ತಿರುತ್ತದೆ. ಆ ಊರಿನಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ. ಡಬ್ಬಿಯೊಳಗಿನ ಹಪ್ಪಳವೇ ಮೆತ್ತಗಾಗುವಾಗ ಕಾಗದ ತೇವ ಹೀರದೆ ಇರುತ್ತದೆಯೇ? ಆ ತೇವದಲ್ಲಿ ಧನ ಬದಿಯ ಬೆಳ್ಳಿ ಕರಗಿ, ಋಣ ಬದಿಗೆ ಸಾಗಿ, ಅಲ್ಲಿ ಜರಿಗಿಡದ ಎಲೆಯ ಹಾಗೆ ಕವಲೊಡೆದು ಬೆಳೆಯುತ್ತದೆ. ಬೆಳೆದು ಆಚೆ ದಡ ಮುಟ್ಟಿದರೆ ಸ್ವಿಚ್ ಒತ್ತದೆಯೇ ದೀಪ ಹೊತ್ತಿಕೊಳ್ಳುತ್ತದೆ, ಸೆಲ್ ಖಾಲಿಯಾಗುತ್ತದೆ. ಎಲೆಕ್ಟ್ರಾನಿಕ್ಸ್ ಬಲ್ಲವರಿಗೆ ಬೆಳ್ಳಿಯ ಈ ವಲಸೆ ಹಳೆಯ ತಲೆನೋವು. ಮಡಚಬಹುದಾದ ಕಾಗದದ ಸರ್ಕ್ಯೂಟ್ ನಾವು ಕಂಡುಹಿಡಿದದ್ದೇನಲ್ಲ, ಹಾರ್ವರ್ಡಿನ ಜಾರ್ಜ್ ವೈಟ್‌ಸೈಡ್ಸ್ ಅವರ ತಂಡ 2010ರಲ್ಲೇ ಅದರ ಬಗ್ಗೆ ಪ್ರಬಂಧ ಪ್ರಕಟಿಸಿತ್ತು. ಅವರಿಗೆ ಆಶ್ಲೇಷಾ ಮಳೆ ಸಿಕ್ಕಿರಲಿಲ್ಲ, ಅಷ್ಟೇ.

ಕಾರ್ಬನ್ ಹೀಗೆ ಕರಗಿ ನಡೆಯುವುದಿಲ್ಲ. ಆದರೆ ಕರೆಂಟಿಗೆ ಅದು ಒಡ್ಡುವ ತಡೆ ಬೆಳ್ಳಿಗಿಂತ ನೂರಾರು ಪಟ್ಟು ಹೆಚ್ಚು. ಅದಕ್ಕಾಗಿ 2 ಮಿಲಿಮೀಟರ್ ಇದ್ದ ಗೆರೆಯನ್ನು 6 ಮಿಲಿಮೀಟರಿಗೆ ಅಗಲ ಮಾಡಿದ್ದೇವೆ. ಹಾಗಿದ್ದೂ ಹೋಗಿ ಬರುವ ದಾರಿಯೆಲ್ಲ ಸೇರಿ ನಮ್ಮ ಮೀಟರಿನಲ್ಲಿ 800 ಓಮ್ ಆಸುಪಾಸು ತೋರಿಸುತ್ತದೆ. ಕೆಂಪು ಎಲ್‌ಇಡಿಗೆ 2 ವೋಲ್ಟ್ ಸಾಕು. ಉಳಿದ ಒಂದು ವೋಲ್ಟ್ ಈ ಗೆರೆಯನ್ನು ದಾಟಿಸುತ್ತದೆ, ದೀಪಕ್ಕೆ ಒಂದು ಮಿಲಿಆಂಪಿಯರಿಗಿಂತ ತುಸು ಹೆಚ್ಚು ಸಿಗುತ್ತದೆ. ಬಿಳಿ ಎಲ್‌ಇಡಿ ತಾನೇ 3 ವೋಲ್ಟಿನ ಹತ್ತಿರ ನುಂಗುವುದರಿಂದ ಗೆರೆಗೆ ಏನೂ ಉಳಿಯುವುದಿಲ್ಲ. ಬಿಳಿ ದೀಪ ಬಿಟ್ಟದ್ದು ಇದಕ್ಕೆ. ಹಣತೆಯ ಚಿತ್ರಕ್ಕೆ ಹಳದಿಯೇ ಚೆಂದ ಎಂಬುದು ನನ್ನ ಅಭಿಪ್ರಾಯ, ಸಂಘದಲ್ಲಿ ಎಲ್ಲರೂ ಒಪ್ಪಿಲ್ಲ.

ಇಷ್ಟು ದಪ್ಪ ಕಪ್ಪು ಗೆರೆಯನ್ನು ಬಚ್ಚಿಡುವುದು ಹೇಗೆ ಎಂದು ನಾವು ತಲೆ ಕೆಡಿಸಿಕೊಂಡಿದ್ದಾಗ, ಸ್ಕ್ರೀನ್ ಪ್ರಿಂಟ್ ಹಾಕುವ ನಮ್ಮ ಹೆಣ್ಣುಮಕ್ಕಳು ಬಚ್ಚಿಡುವುದೇಕೆ ಎಂದು ಅದನ್ನೇ ನಮ್ಮ ಕಡೆ ಮನೆಗೋಡೆಗೆ ಬರೆಯುವ ಹಸೆ ಚಿತ್ತಾರದ ಎಳೆಗಳಾಗಿ ಬಿಡಿಸಿಕೊಟ್ಟರು. ಹಸೆಯ ಕಪ್ಪು ಬಣ್ಣಕ್ಕೆ ಅಕ್ಕಿಯನ್ನು ಸೀಯುವವರೆಗೆ ಹುರಿದು ಅರೆಯುತ್ತಾರೆ, ಅದೂ ಕಾರ್ಬನ್ನೇ ಅಲ್ಲವೇ ಎಂದು ಕೆಲವರು ಕೇಳಿದ್ದಾರೆ. ಬಳಿದು ನೋಡಿದೆವು. ಮೀಟರಿನ ಮುಳ್ಳು ಅಲುಗಲೇ ಇಲ್ಲ.

ಹಳೆಯ ಬೆಳ್ಳಿ ಕಾರ್ಡ್ ಮನೆಯಲ್ಲಿದ್ದರೆ ಮಳೆಗಾಲದಲ್ಲಿ ಸೆಲ್ ತೆಗೆದಿಡಿ. ದೀಪ ಸತ್ತ ಕಾರ್ಡ್ ತಂದರೆ ಹೊಸದು ಕೊಡುತ್ತೇವೆ, ರಸೀದಿ ಬೇಕಿಲ್ಲ. ಮದುವೆಗೆ ನೂರಾರು ಮಾಡಿಸಿದವರು ಒಮ್ಮೆ ಫೋನ್ ಮಾಡಿ ಬನ್ನಿ. ದರ ಏರುವುದಿಲ್ಲ, ಇಳಿಯುವುದೂ ಇಲ್ಲ: ಬೆಳ್ಳಿಯಲ್ಲಿ ಉಳಿದದ್ದು ಹೊಸ ಸ್ಕ್ರೀನುಗಳಿಗೆ ಹೋಯಿತು.

ಶಾಲೆಯವರು ಇದನ್ನು ದಯವಿಟ್ಟು ಗಮನಿಸಿ. ಕಿಟ್ಟಿನ ಸಿಆರ್ 2032 ಸೆಲ್ 20 ಮಿಲಿಮೀಟರಿನ ಬಿಲ್ಲೆ, ಚಿಕ್ಕ ಮಕ್ಕಳು ಸುಲಭವಾಗಿ ಬಾಯಿಗೆ ಹಾಕಿಕೊಳ್ಳುತ್ತಾರೆ. ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಡಬಲ್ಲದು. ಹಾಗಾಗಿ ಇನ್ನು ಕಿಟ್ಟಿನೊಳಗೆ ಸೆಲ್ ಇರುವುದಿಲ್ಲ. ಬೇರೆ ಪೊಟ್ಟಣದಲ್ಲಿ ಮೇಷ್ಟರ ಕೈಗೇ ಕೊಡುತ್ತೇವೆ. ಸೆಲ್ಲಿನ ಜೇಬನ್ನು ಅಂಟಿನಿಂದಲೇ ಮುಚ್ಚಿ, ಸ್ಟೇಪ್ಲರ್ ಹೊಡೆಯಬೇಡಿ. ಪಿನ್ನು ಎರಡು ಗೆರೆಗೂ ತಾಗಿದರೆ ಶಾರ್ಟ್ ಆಗುತ್ತದೆ.

ದೀಪಾವಳಿಯ ಆರ್ಡರುಗಳನ್ನು ಭೂಮಿ ಹುಣ್ಣಿಮೆಯೊಳಗೆ ತಿಳಿಸಿ. ಮಾದರಿ ಕಾರ್ಡ್ ಅಂಗಡಿಯಲ್ಲಿದೆ, ಬಂದು ಎಷ್ಟು ಸಲ ಬೇಕಾದರೂ ಮಡಚಿ ನೋಡಿ.

ಇಂತಿ,
ಕಾರ್ಯದರ್ಶಿ
(ಸಂಘದ ಎಲ್ಲ ಸದಸ್ಯರ ಪರವಾಗಿ), ಸಾಗರ