ಹಿರಿಯರ ರೈಲು ರಿಯಾಯಿತಿ ಎಲ್ಲಿ ಹೋಯ್ತು?

ಸಂಪಾದಕರೇ,

ನಮ್ಮಮ್ಮ ಹಳೇ ಬಿಸ್ಕತ್ತು ಡಬ್ಬಿಯಲ್ಲಿ ರೈಲು ಟಿಕೆಟ್‌ಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದಾರೆ. ಎಲ್ಲಾ ಕೊಪ್ಪಳದಿಂದ ಬೆಂಗಳೂರಿಗೆ ಕಣ್ಣು ತೋರಿಸಲು ಹೋಗಿ ಬಂದದ್ದು. 2020ಕ್ಕೆ ಮೊದಲು ಮೂರು ತಿಂಗಳಿಗೊಮ್ಮೆ ಹೋಗಿದ್ದಾರೆ, ಆಮೇಲೆ ವರ್ಷಕ್ಕೆ ಒಂದೋ ಎರಡೋ ಸಲ. ಯಾಕಮ್ಮ ಅಂದರೆ 'ಚೆನ್ನಾಗೇ ಕಾಣ್ತದಲ್ಲ, ಸುಮ್ನೆ ಯಾಕೆ ದುಡ್ಡು ದಂಡ' ಅಂತಾರೆ. ಪೇಪರ್ ಓದಲು ಮಾತ್ರ ಬಿಸಿಲು ಹುಡುಕಿಕೊಂಡು ಅಂಗಳಕ್ಕೆ ಬರುತ್ತಾರೆ.

ಆಗ 58 ತುಂಬಿದ ಹೆಂಗಸರಿಗೆ ರೈಲಿನ ಮೂಲ ದರದಲ್ಲಿ ಅರ್ಧ, 60 ತುಂಬಿದ ಗಂಡಸರಿಗೆ ಶೇ 40 ರಿಯಾಯಿತಿ ಇತ್ತು. 2020ರ ಮಾರ್ಚ್ 20ರಿಂದ ಅದನ್ನು ನಿಲ್ಲಿಸಿದರು. ಕೊರೊನಾ ಸಮಯ, ವಯಸ್ಸಾದವರು ಓಡಾಡದಿರಲಿ ಅಂತ ಕಾರಣ ಕೊಟ್ಟರು. ಅದು ಸರಿ ಅಂತಲೇ ನನಗೂ ಅನಿಸಿತ್ತು. ಆಮೇಲೆ ಮಾಸ್ಕ್ ಹೋಯ್ತು, ರೈಲುಗಳು ಮೊದಲಿಗಿಂತ ಜಾಸ್ತಿ ತುಂಬಿದವು, ರಿಯಾಯಿತಿ ಮಾತ್ರ ವಾಪಸ್ ಬರಲಿಲ್ಲ.

ಸಂಸತ್ತಿನಲ್ಲಿ ಕೇಳಿದಾಗಲೆಲ್ಲ ಒಂದೇ ಉತ್ತರ. ಪ್ರತಿ ಪ್ರಯಾಣಿಕನಿಗೂ ಸರಾಸರಿ ಶೇ 46 ಸಬ್ಸಿಡಿ ಕೊಡುತ್ತಲೇ ಇದ್ದೇವೆ, ನೂರು ರೂಪಾಯಿ ಖರ್ಚಾದರೆ 54 ರೂಪಾಯಿ ಮಾತ್ರ ತೆಗೆದುಕೊಳ್ಳುತ್ತೇವೆ ಅಂತ. ಸರಿ ಸ್ವಾಮಿ, ಆದರೆ ಈ ಸಬ್ಸಿಡಿ 2020ಕ್ಕೆ ಮೊದಲೂ ಇತ್ತಲ್ವಾ? ಖರ್ಚಿನಲ್ಲಿ ಶೇ 57 ಮಾತ್ರ ವಸೂಲಾಗುತ್ತದೆ ಅಂತ ಟಿಕೆಟ್ ಮೇಲೇ ಅಚ್ಚು ಹಾಕುತ್ತಿದ್ದ ಕಾಲದಲ್ಲೂ ಹಿರಿಯರಿಗೆ ರಿಯಾಯಿತಿ ಸಿಗುತ್ತಿತ್ತು. ಇಪ್ಪತ್ತೈದರ ಹುಡುಗನಿಗೂ ಸಿಗುವುದನ್ನು ತೋರಿಸಿ ಎಪ್ಪತ್ತರ ಅಜ್ಜಿಗೆ ಸಮಾಧಾನ ಹೇಳಿದರೆ ಹೇಗೆ?

ಇನ್ನು ಉಳ್ಳವರಿಗೆ ಯಾಕೆ ಕೊಡಬೇಕು ಅನ್ನುವವರಿದ್ದಾರೆ. ಬೇಡ ಅನ್ನುವವರು ರಿಯಾಯಿತಿ ಬಿಟ್ಟುಕೊಡಲಿ ಅಂತ 2016ರಲ್ಲೇ ಟಿಕೆಟ್ ಬುಕ್ ಮಾಡುವಾಗ ಅವಕಾಶ ಮಾಡಿದ್ದರು. ಬಿಡುವವರು ಬಿಡುತ್ತಿದ್ದರು. ಎಲ್ಲ ದರ್ಜೆಗೂ ಬೇಡ, ಸ್ಲೀಪರ್ ಮತ್ತು ಥರ್ಡ್ ಎಸಿಗಾದರೂ ಕೊಡುವ ಬಗ್ಗೆ ಯೋಚಿಸಿ ಅಂತ ಸಂಸತ್ತಿನ ಸ್ಥಾಯಿ ಸಮಿತಿಯೇ ಹೇಳಿತ್ತು. ಅದನ್ನೂ ಕೇಳಲಿಲ್ಲ.

2019-20ರಲ್ಲಿ ಈ ರಿಯಾಯಿತಿಗೆ ಹೋಗಿದ್ದು ಸುಮಾರು 1,667 ಕೋಟಿ. ಈಗ ಕೇಂದ್ರ ಬಜೆಟ್‌ನಲ್ಲಿ ರೈಲ್ವೆಗೆ ವರ್ಷಕ್ಕೆ ಎರಡೂವರೆ ಲಕ್ಷ ಕೋಟಿಗೂ ಹೆಚ್ಚು ಎತ್ತಿಡುತ್ತಾರೆ. ನಿಲ್ಲಿಸಿದ್ದರಿಂದ ಐದು ವರ್ಷದಲ್ಲಿ 8,900 ಕೋಟಿಯಷ್ಟು ಹೆಚ್ಚಿಗೆ ಬಂತು ಅನ್ನುವುದು ಆರ್‌ಟಿಐ ಅರ್ಜಿಯಿಂದ ಗೊತ್ತಾಯಿತು. ಬಂದ ದುಡ್ಡಿಗೆ ಪಕ್ಕಾ ಲೆಕ್ಕ ಇದೆ. ದುಡ್ಡು ನೋಡಿ ಮನೆಯಲ್ಲೇ ಉಳಿದವರು ಎಷ್ಟು ಜನ, ಅವರು ಯಾವ ಆಸ್ಪತ್ರೆಗೆ, ಯಾವ ಮಗಳ ಮನೆಗೆ ಹೋಗುವುದನ್ನು ಬಿಟ್ಟರು ಅನ್ನುವುದನ್ನು ಯಾರೂ ಬರೆದಿಟ್ಟಿಲ್ಲ.

ಬಸ್ಸಿದೆಯಲ್ಲ, 2023ರ ಜೂನ್‌ನಿಂದ ಹೆಂಗಸರಿಗೆ ಫ್ರೀ ಅಲ್ವಾ ಅಂತ ಕೇಳಬಹುದು. ಹೌದು, ಅದರಿಂದ ತುಂಬಾ ಉಪಕಾರವಾಗಿದೆ. ಆದರೆ ರಾತ್ರಿಯಿಡೀ ಬಸ್ಸಲ್ಲಿ ಶೌಚಕ್ಕೆ ಎಲ್ಲಿ ಇಳಿಯುವುದು ಅಂತ ಹೆದರಿ ಅಮ್ಮ ಮಧ್ಯಾಹ್ನದಿಂದಲೇ ನೀರು ಕುಡಿಯುವುದಿಲ್ಲ. ವಯಸ್ಸಾದವರಿಗೆ ರೈಲು ಬೇಕಾಗುವುದೇ ಅದಕ್ಕೆ.

ಖರ್ಚು ಕಡಿಮೆ ಮಾಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಮಾಡಿದರೆ 'ನಾವೇ ತೆಗೆದೆವು, ಇನ್ನು ಕೊಡಲ್ಲ, ಇದರಿಂದ ತೊಂದರೆಯಾದವರಿಗೆ ನಾವೇ ಹೊಣೆ' ಅಂತ ಎದುರು ನಿಂತು ಹೇಳಲಿ. ಕಾಯಿಲೆಯ ಹೆಸರಲ್ಲಿ ನಿಲ್ಲಿಸಿ, ಕಾಯಿಲೆ ಹೋದ ಮೇಲೆ ಏನೂ ಆಗಿಲ್ಲವೆಂಬಂತೆ ಕೂತರೆ ನಾವು ಯಾರನ್ನು ಕೇಳುವುದು? ಮೊದಲಾದರೆ ವರ್ಷಕ್ಕೊಂದು ದಿನ ರೈಲ್ವೆ ಬಜೆಟ್ ಅಂತ ಇತ್ತು, ಇಂಥದ್ದೆಲ್ಲ ಚರ್ಚೆಗೆ ಬರುತ್ತಿತ್ತು. 2017ರಿಂದ ಅದೂ ಇಲ್ಲ.

ನಮ್ಮ ಮನೆಯಲ್ಲಿ ಪೂರ್ತಿ ದರ ಕೊಡಲು ಆಗುತ್ತದೆ. ಆದರೂ ಅಮ್ಮ ಹೋಗುವುದಿಲ್ಲ. ಕೊಡಲಾಗದ ಮನೆಗಳಲ್ಲಿ ಏನು ನಡೆಯುತ್ತಿದೆಯೋ.

ಮುಂದಿನ ತಿಂಗಳು ಮತ್ತೆ ಕಣ್ಣು ತೋರಿಸಬೇಕು. ಟಿಕೆಟ್ ಮಾಡಿಸಿದ್ದೇನೆ. ಎಷ್ಟಾಯ್ತು ಅಂತ ಅಮ್ಮ ಕೇಳಿದರು, ಅರ್ಧ ರೇಟು ಹೇಳಿದ್ದೇನೆ.

— ಒಬ್ಬ ಓದುಗ, ಕೊಪ್ಪಳ